ಕಾಲಂ ಬಿಟ್ಟು ಮೈಕ್ ಮುಂದೆ ಕೂತ ಮೊದಲ ವರ್ಷ

ಮೊದಲ ದಿನ ಸ್ಟುಡಿಯೋಗೆ ಹೋದಾಗ ನನ್ನ ಬ್ಯಾಗಲ್ಲಿ 12 ಹಾಳೆ ಇತ್ತು. ರೇಡಿಯೋದಲ್ಲಿ ರಾತ್ರಿ ಹೊತ್ತು ಎರಡು ಗಂಟೆ ಉದ್ದದ ಶೋ, ಆಟದ ಬಗ್ಗೆ ಮಾತು, ಮಧ್ಯೆ ಫೋನ್ ಮಾಡೋರ ಜೊತೆ ಚರ್ಚೆ, ಅಷ್ಟೇ ಅಂತ ಹೇಳಿದ್ರು. 14 ವರ್ಷ ಪೇಪರ್‌ಗೆ ಸ್ಪೋರ್ಟ್ಸ್ ಕಾಲಂ ಬರೆದವನಿಗೆ ಎರಡು ಗಂಟೆ ಮಾತಾಡೋದು ಏನು ಮಹಾ ಅನ್ನೋ ಧೈರ್ಯ ಒಂದು ಕಡೆ, ಎಲ್ಲಿ ಮಧ್ಯದಲ್ಲಿ ಮಾತು ನಿಂತುಬಿಡುತ್ತೋ ಅನ್ನೋ ಭಯ ಇನ್ನೊಂದು ಕಡೆ, ಅದಕ್ಕೇ ಹಿಂದಿನ ರಾತ್ರಿ ಪೂರ್ತಿ ಕೂತು ಹೇಳಬೇಕಾದ್ದನ್ನೆಲ್ಲ ಅಕ್ಷರ ಅಕ್ಷರ ಬರ್ಕೊಂಡಿದ್ದೆ. ಶುರು ಆಯ್ತು, ಓದಿದೆ, 40 ನಿಮಿಷಕ್ಕೆ 12 ಹಾಳೆನೂ ಮುಗೀತು. ಇನ್ನೂ ಒಂದು ಗಂಟೆ ಇಪ್ಪತ್ತು ನಿಮಿಷ ಬಾಕಿ. ಒಂದೇ ಒಂದು ಫೋನ್ ಕೂಡ ಬಂದಿರಲಿಲ್ಲ.

ಆಮೇಲೆ ಲೆಕ್ಕ ಹಾಕಿದೆ. ನನ್ನ ಕಾಲಂ ಸುಮಾರು 600 ಪದ. ಅದನ್ನ ಬರೆಯೋಕೆ ನನಗೆ ಒಂದಿಡೀ ದಿನ ಬೇಕಿತ್ತು, ಕೆಲವು ಸಲ ಎರಡು ದಿನ. ಜೋರಾಗಿ ಓದಿದ್ರೆ ಆರೇ ನಿಮಿಷ. ಅಂದ್ರೆ ವಾರಕ್ಕೆ ಎರಡು ಕಾಲಂ ಬರೀತಿದ್ದೋನು ರೇಡಿಯೋ ಲೆಕ್ಕದಲ್ಲಿ ವಾರಕ್ಕೆ ಹನ್ನೆರಡು ನಿಮಿಷ ಕೆಲಸ ಮಾಡಿದಂಗೆ, ಇಲ್ಲಿ ದಿನಕ್ಕೇ ಎರಡು ಗಂಟೆ.

ಪೇಪರ್ ಯಾಕೆ ಬಿಟ್ಟೆ ಅಂತ ತುಂಬ ಜನ ಕೇಳಿದ್ದಾರೆ. ಜಗಳ ಏನೂ ಆಗಿರಲಿಲ್ಲ. 900 ಪದ ಇದ್ದ ಜಾಗ 600 ಆಯ್ತು, ಆಮೇಲೆ 450ಕ್ಕೆ ಬರೀರಿ ಅಂದ್ರು, ರಾತ್ರಿ ಮ್ಯಾಚ್ ಇದ್ದ ದಿನ ಪುಟ ಮೊದಲೇ ಕಳಿಸಬೇಕಾಗಿದ್ರಿಂದ ಮ್ಯಾಚ್ ಮುಗಿಯೋಕೆ ಮುಂಚೆನೇ ಬರೆದು ಕೊಡಬೇಕಾಗ್ತಿತ್ತು. ಬೆಳಿಗ್ಗೆ ಓದೋ ಹೊತ್ತಿಗೆ ಓದುಗರಿಗೆ ರಿಸಲ್ಟ್ ಗೊತ್ತು, ಹೈಲೈಟ್ಸ್ ನೋಡಿ ಆಗಿದೆ, ನನ್ನ ಕಾಲಂನಲ್ಲಿ ಮಾತ್ರ ಇನ್ನೂ 35ನೇ ಓವರ್ ನಡೀತಿದೆ. ಅದು ನನಗೆ ನಿಜಕ್ಕೂ ನೋವಾಗ್ತಿತ್ತು. ಆಟ ಮುಗಿದ ತಕ್ಷಣ ಜನ ಏನು ಅನ್ಕೊಳ್ತಾರೋ ಆ ಹೊತ್ತಲ್ಲಿ ಅವರ ಜೊತೆ ಇರಬೇಕು ಅನ್ನಿಸ್ತು, ಹೋದೆ.

ಮೂರನೇ ದಿನ ನಮ್ಮ ಪ್ರೊಡ್ಯೂಸರ್ ನನ್ನ ಹಾಳೆಗಳನ್ನ ಇಸ್ಕೊಂಡ್ರು. ನನಗಿಂತ ಹದಿನೈದು ವರ್ಷ ಚಿಕ್ಕೋರು, ಆದ್ರೆ ರೇಡಿಯೋದಲ್ಲಿ ನನಗಿಂತ ಎಷ್ಟೋ ಹಿರಿಯರು. "ಸರ್, ನೀವು ಓದ್ತಿದ್ದೀರ ಅಂತ ಕೇಳೋರಿಗೆ ಮೊದಲ ಸಾಲಲ್ಲೇ ಗೊತ್ತಾಗ್ತಿದೆ, ಓದ್ತಿರೋ ಮನುಷ್ಯನ ಹತ್ರ ಯಾರೂ ಮಾತಾಡೋಕೆ ಬರಲ್ಲ" ಅಂದ್ರು. ಫೋನ್ ಯಾಕೆ ಬರ್ತಿಲ್ಲ ಅನ್ನೋದಕ್ಕೆ ಉತ್ತರ ಅದೇ ಆಗಿತ್ತು. ಆವತ್ತು ನನ್ನ ಕೈಗೆ ಅಂಗೈ ಅಗಲದ ಒಂದು ಕಾರ್ಡ್ ಕೊಟ್ರು, ಅದರಲ್ಲಿ ಎಷ್ಟು ಹಿಡಿಸುತ್ತೋ ಅಷ್ಟೇ ಬರ್ಕೋಬೇಕು. ಏಳೆಂಟು ಪದ ಹಿಡಿಸ್ತು. ಆ ರಾತ್ರಿ ನಾನು ತಡವರಿಸಿದ್ದು, ವಾಕ್ಯ ಅರ್ಧಕ್ಕೆ ಬಿಟ್ಟು ಇನ್ನೊಂದು ಹಿಡಿದಿದ್ದು, "ಅದೂ... ಏನಂದ್ರೆ..." ಅಂತ ಎಳೆದಿದ್ದು ಎಲ್ಲ ಪ್ರಸಾರ ಆಯ್ತು. ಮೊದಲ ಫೋನ್ ಬಂದಿದ್ದೂ ಅದೇ ರಾತ್ರಿ.

ಭಾಷೆ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಕನ್ನಡದಲ್ಲಿ ಈ ಅಂತರ ತುಂಬ ದೊಡ್ಡದು. ಪೇಪರ್‌ನಲ್ಲಿ ತಂಡ ಗೆಲ್ಲಲ್ಲ, "ಜಯಭೇರಿ ಬಾರಿಸುತ್ತದೆ". ಸೋಲಲ್ಲ, "ಮುಗ್ಗರಿಸುತ್ತದೆ". ರನ್ ಹೊಡೆಯಲ್ಲ, "ಬೃಹತ್ ಮೊತ್ತ ಪೇರಿಸುತ್ತದೆ". ಬ್ಯಾಟ್ಸ್‌ಮನ್ "ದಾಂಡಿಗ", ವಿಕೆಟ್ "ಹುದ್ದರಿ". ನನಗೆ ಈ ಪದಗಳ ಮೇಲೆ ಪ್ರೀತಿ ಇದೆ, ದಾಂಡಿಗ ಅನ್ನೋ ಪದ ಓದಿ ಓದೀನೇ ನಾನು ಆಟದ ಬರಹಕ್ಕೆ ಬಂದೋನು. ಆದ್ರೆ ಬಾಯಲ್ಲಿ ಹೇಳಿ ನೋಡಿ, "ಐದು ಹುದ್ದರಿಗಳ ಪತನದ ನಂತರ" ಅಂತ ಯಾರಾದ್ರೂ ಪಕ್ಕದಲ್ಲಿ ಕೂತೋರಿಗೆ ಹೇಳ್ತಾರಾ? "ಐದು ವಿಕೆಟ್ ಬಿದ್ದಮೇಲೆ" ಅಂತಾರೆ. ಕ್ರಿಯಾಪದ ಕೊನೇಲಿ ಬರೋ ಭಾಷೆ ನಮ್ಮದು, ಬರವಣಿಗೆಯಲ್ಲಿ ಒಂದು ಉದ್ದ ವಾಕ್ಯ ಕಟ್ಟಿ ಕೊನೇಲಿ ಏನಾಯ್ತು ಅಂತ ಹೇಳಬಹುದು, ಓದೋರಿಗೆ ಹಿಂದಕ್ಕೆ ಹೋಗಿ ಮತ್ತೆ ಓದೋ ಅನುಕೂಲ ಇದೆ. ಕೇಳೋರಿಗೆ ಅದಿಲ್ಲ. ಕ್ರಿಯಾಪದ ಬರೋಷ್ಟರಲ್ಲಿ ಕರ್ತೃ ಮರೆತುಹೋಗಿರುತ್ತೆ. ಹಾಗಾಗಿ "ಔಟಾದ್ರು, ಕ್ಯಾಪ್ಟನ್ನೇ ಔಟಾದ್ರು, ಅದೂ ಆ ಓವರ್‌ನಲ್ಲಿ" ಅಂತ ತುಂಡು ತುಂಡಾಗಿ, ಮುಖ್ಯವಾದ್ದು ಮೊದಲು ಹೇಳೋ ಅಭ್ಯಾಸ ಮಾಡ್ಕೊಂಡೆ. ಇದಕ್ಕೆ ನನಗೆ ನಾಲ್ಕು ತಿಂಗಳು ಹಿಡೀತು.

ಅಂಕಿಗಳದ್ದು ಇನ್ನೊಂದು ಕಷ್ಟ. ಕಾಲಂನಲ್ಲಿ ಒಂದು ಪ್ಯಾರಾದಲ್ಲಿ ಆರು ಅಂಕಿ ಹಾಕಿದ್ರೂ ಓದುಗರು ಬೆರಳಿಟ್ಟು ಓದ್ಕೋತಾರೆ. ಕಿವಿಗೆ ಒಂದು ವಾಕ್ಯಕ್ಕೆ ಒಂದೇ ಅಂಕಿ, ಜಾಸ್ತಿ ಅಂದ್ರೆ ಎರಡು. 48.7 ಸರಾಸರಿ ಅನ್ನೋ ಬದಲು "ಹೆಚ್ಚುಕಮ್ಮಿ ಐವತ್ತು" ಅಂದ್ರೆ ನಿಲ್ಲುತ್ತೆ. ಹೆಸರುಗಳೂ ಹಾಗೇ, ಇಷ್ಟು ವರ್ಷ ವಿದೇಶಿ ಆಟಗಾರರ ಹೆಸರು ಬರೆದಿದ್ದೆ ಹೊರತು ಒಂದನ್ನೂ ಬಾಯಿಬಿಟ್ಟು ಹೇಳಿರಲಿಲ್ಲ ಅಂತ ಆಗ ಗೊತ್ತಾಯ್ತು. ಈಗ ಶೋಗೆ ಮುಂಚೆ ಆ ಆಟಗಾರರೇ ತಮ್ಮ ಹೆಸರು ಹೇಳ್ಕೊಂಡಿರೋ ಇಂಟರ್‌ವ್ಯೂ ಹುಡುಕಿ ಕೇಳಿಸ್ಕೋತೀನಿ. ಒಬ್ಬ ಮನುಷ್ಯನ ಹೆಸರನ್ನ ಸರಿಯಾಗಿ ಹೇಳೋದು ಅವರಿಗೆ ಕೊಡೋ ಮೊದಲ ಮರ್ಯಾದೆ ಅಂತ ನಾನು ನಂಬ್ತೀನಿ.

ಈ ಸಮಯದಲ್ಲಿ ರೇಡಿಯೋ ಇತಿಹಾಸ ಓದೋಕೆ ಶುರು ಮಾಡಿದೆ, ಬೇರೆಯವರು ಹೇಗೆ ಕಲಿತ್ರು ಅಂತ ತಿಳ್ಕೊಳ್ಳೋಕೆ. 1921ರ ಆಗಸ್ಟ್ 5ಕ್ಕೆ ಅಮೆರಿಕದ ಪಿಟ್ಸ್‌ಬರ್ಗ್‌ನ ಕೆಡಿಕೆಎ ಸ್ಟೇಷನ್‌ನಿಂದ ಹೆರಾಲ್ಡ್ ಆರ್ಲಿನ್ ಬೇಸ್‌ಬಾಲ್ ಪಂದ್ಯ ಪ್ರಸಾರ ಮಾಡಿದ್ರು, ಇಡೀ ದಿನ ಬರೀ ಆಟದ ಮಾತೇ ಆಡೋ ಸ್ಟೇಷನ್ ಅಂತ ನ್ಯೂಯಾರ್ಕ್‌ನಲ್ಲಿ ಡಬ್ಲ್ಯುಎಫ್‌ಎಎನ್ ಶುರುವಾಗಿದ್ದು 1987ರ ಜುಲೈ 1ಕ್ಕೆ. ಆದ್ರೆ ನನ್ನ ಮನಸ್ಸಲ್ಲಿ ಕೂತಿದ್ದು 1927ರ ಜನವರಿ 15. ಟ್ವಿಕನ್‌ಹ್ಯಾಮ್‌ನಲ್ಲಿ ಇಂಗ್ಲೆಂಡ್ ವೇಲ್ಸ್ ರಗ್ಬಿ ಪಂದ್ಯ, ಬಿಬಿಸಿಯ ಮೊದಲ ಕ್ರೀಡಾ ಕಾಮೆಂಟರಿ, ಮಾತಾಡಿದ್ದು ಟೆಡ್ಡಿ ವೇಕ್‌ಲಮ್. ಅದಕ್ಕೆ ಮುಂಚೆ ಯಾರೂ ಅಲ್ಲಿ ಆ ಕೆಲಸ ಮಾಡಿರಲಿಲ್ಲ, ಹೇಗೆ ಮಾತಾಡಬೇಕು ಅಂತ ಹೇಳಿಕೊಡೋರೂ ಇರಲಿಲ್ಲ. ಅವರ ಪಕ್ಕ ಕಣ್ಣು ಕಾಣದ ಒಬ್ಬ ರಗ್ಬಿ ಅಭಿಮಾನಿಯನ್ನ ಕೂರಿಸಿದ್ರಂತೆ, ಈ ಮನುಷ್ಯನಿಗೆ ಆಟ ಅರ್ಥ ಆಗೋ ಹಾಗೆ ಹೇಳಿ ಸಾಕು ಅಂತ. ಇದನ್ನ ಓದಿದ ದಿನ ನಾನು ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ನಾನು ಅಲ್ಲಿವರೆಗೂ ಮಾತಾಡ್ತಿದ್ದಿದ್ದು ಯಾರಿಗೆ? ಯಾರಿಗೂ ಅಲ್ಲ, ಒಂದು ಪುಟಕ್ಕೆ. ಮಾರನೇ ದಿನದಿಂದ ಮೈಕ್ ಆಚೆ ಒಬ್ಬರೇ ಒಬ್ಬರು ಕೂತಿದ್ದಾರೆ, ಈಗ ತಾನೇ ಕೆಲಸ ಮುಗಿಸಿ ಬಂದಿದ್ದಾರೆ, ಮ್ಯಾಚ್ ನೋಡೋಕಾಗಿಲ್ಲ ಅಂತ ಅಂದ್ಕೊಂಡು ಮಾತಾಡೋಕೆ ಶುರು ಮಾಡಿದೆ. ಇದರಿಂದ ಬದಲಾದಷ್ಟು ಬೇರೆ ಯಾವುದರಿಂದಲೂ ನಾನು ಬದಲಾಗಲಿಲ್ಲ.

ಗಡಿಯಾರದ ಬಗ್ಗೆ. ಪೇಪರ್‌ನಲ್ಲಿ ಜಾಗದ ಲೆಕ್ಕ, ರೇಡಿಯೋದಲ್ಲಿ ಟೈಮಿನ ಲೆಕ್ಕ, ಒಂದು ಗಂಟೆನ ನಾಲ್ಕು ತುಂಡು ಮಾಡಿರ್ತಾರೆ, ಎಲ್ಲಿ ಜಾಹೀರಾತು ಎಲ್ಲಿ ನ್ಯೂಸ್ ಎಲ್ಲ ಮೊದಲೇ ಗೊತ್ತು, ಗಂಟೆಗೆ ಸರಿಯಾಗಿ ನ್ಯೂಸ್‌ಗೆ ಬಿಡಲೇಬೇಕು, ನಾನು ಎಂಥ ಒಳ್ಳೆ ಮಾತು ಆಡ್ತಿದ್ರೂ ಅದು ಕಾಯಲ್ಲ. ಅಮೆರಿಕದಲ್ಲಿ ಕೇಳುಗರ ಲೆಕ್ಕ ಹಿಡಿಯೋ ಪದ್ಧತಿಯಲ್ಲಿ ಬಹಳ ವರ್ಷ ಕಾಲು ಗಂಟೆಯಲ್ಲಿ ಕನಿಷ್ಠ ಐದು ನಿಮಿಷ ಕೇಳಿದವರನ್ನ ಆ ಕಾಲು ಗಂಟೆಯ ಕೇಳುಗರು ಅಂತ ಎಣಿಸ್ತಿದ್ರು, ಟಾಕ್ ರೇಡಿಯೋದ ಎಷ್ಟೋ ಅಭ್ಯಾಸ ಹುಟ್ಟಿದ್ದು ಅಲ್ಲಿಂದಲೇ. ಬ್ರೇಕ್‌ಗೆ ಹೋಗೋ ಮುಂಚೆ ಮುಂದೆ ಏನಿದೆ ಅಂತ ಹೇಳಬೇಕು, ವಾಪಸ್ ಬಂದ ತಕ್ಷಣ ಏನು ಮಾತಾಡ್ತಿದ್ವಿ, ಯಾರ ಜೊತೆ ಮಾತಾಡ್ತಿದ್ವಿ, ಸ್ಕೋರ್ ಎಷ್ಟು ಅಂತ ಮತ್ತೆ ಹೇಳಬೇಕು. ಇದು ಶುರುವಲ್ಲಿ ನನಗೆ ಹಿಂಸೆ ಆಗ್ತಿತ್ತು, ಬರೆಯೋನಿಗೆ ಹೇಳಿದ್ದನ್ನೇ ಹೇಳೋದು ಅಂದ್ರೆ ತಪ್ಪು. ಆದ್ರೆ ಪೇಪರ್ ಓದೋರು ಎಲ್ಲರೂ ಮೊದಲ ಸಾಲಿಂದ ಶುರು ಮಾಡ್ತಾರೆ, ರೇಡಿಯೋಗೆ ಜನ ಮಧ್ಯದಲ್ಲೇ ಬರ್ತಾರೆ. ಹತ್ತು ನಿಮಿಷಕ್ಕೆ ಒಂದು ಸಲ ಬಾಗಿಲು ತೆಗೆದು "ಬನ್ನಿ, ನಾವು ಇಲ್ಲಿದ್ದೀವಿ" ಅನ್ನೋದು ಮರ್ಯಾದೆ ಅಂತ ಈಗ ಅನ್ಸುತ್ತೆ.

ದೇಹಕ್ಕೂ ಕೆಲಸ ಇದೆ ಇಲ್ಲಿ. ಮೈಕ್‌ಗೆ ಒಂದು ಮುಷ್ಟಿ ದೂರ, ನೇರ ಎದುರಿಗಲ್ಲ, ಸ್ವಲ್ಪ ಓರೆ, ಇಲ್ಲಾಂದ್ರೆ "ಪ" "ಭ" ಎಲ್ಲ ಗಾಳಿ ಊದಿದಂಗೆ ಕೇಳುತ್ತೆ. ಹಾಳೆ ಪಿನ್ ಮಾಡಿರಬಾರದು, ತಿರುವಿದ್ರೆ ಸದ್ದು. ಹೆಡ್‌ಫೋನ್‌ನಲ್ಲಿ ನನ್ನದೇ ದನಿ ಕೇಳೋದು, ಅದರ ಮೇಲೆ ಪ್ರೊಡ್ಯೂಸರ್ ಒಂದು ಕಿವೀಲಿ "ಸರ್, 40 ಸೆಕೆಂಡ್" ಅನ್ನೋದು, ಆಗ ಮಾತು ನಿಲ್ಲಿಸದೆ ಅದನ್ನೂ ಕೇಳಿಸ್ಕೋಬೇಕು.

ಫೋನ್ ಮಾಡೋರ ವಿಷಯಕ್ಕೆ ಬರ್ತೀನಿ, ನಾನು ಈ ಕೆಲಸದಲ್ಲಿ ಉಳ್ಕೊಂಡಿದ್ದೇ ಅವರಿಂದ. ಲೈನ್‌ಗೆ ಬರೋ ಮುಂಚೆ ಹೊರಗಡೆ ಒಬ್ರು ಅವರ ಹತ್ರ ಮಾತಾಡಿ ಹೆಸರು, ವಿಷಯ ಎರಡು ಮೂರು ಪದದಲ್ಲಿ ನನ್ನ ಸ್ಕ್ರೀನ್ ಮೇಲೆ ಹಾಕ್ತಾರೆ. "ಕೀಪರ್ ಬದಲಾಯಿಸಿ", "ಅಂಪೈರ್ ಮೇಲೆ ಕೋಪ", ಹೀಗೆ. ನಾವು ಮಾತಾಡಿದ್ದು ಏಳು ಸೆಕೆಂಡ್ ತಡವಾಗಿ ಪ್ರಸಾರ ಆಗುತ್ತೆ, ಯಾರಾದ್ರೂ ಬೈಗುಳ ಆಡಿದ್ರೆ ಒಂದು ಬಟನ್ ಒತ್ತಿ ಅಳಿಸೋಕೆ. ಈ ಏಳು ಸೆಕೆಂಡ್‌ನಿಂದ ಒಂದು ತೊಂದರೆ ಏನಂದ್ರೆ ಫೋನ್ ಮಾಡಿದವರು ಪಕ್ಕದಲ್ಲಿ ರೇಡಿಯೋ ಹಾಕಿಟ್ಟಿದ್ರೆ ತಮ್ಮ ಮಾತೇ ತಮಗೆ ಏಳು ಸೆಕೆಂಡ್ ಆದಮೇಲೆ ಕೇಳುತ್ತೆ, ಗಾಬರಿ ಆಗಿ ನಿಂತುಬಿಡ್ತಾರೆ. "ಅಣ್ಣ, ರೇಡಿಯೋ ಸೌಂಡ್ ಸ್ವಲ್ಪ ಕಮ್ಮಿ ಮಾಡಿ" ಅನ್ನೋದು ನಾನು ಈ ವರ್ಷ ಅತಿ ಹೆಚ್ಚು ಸಲ ಹೇಳಿದ ವಾಕ್ಯ ಇರಬೇಕು.

ಅವರು ಮಾತಾಡೋವಾಗ ನಾನು ಮುಂದಿನ ನನ್ನ ಮಾತು ಜೋಡಿಸ್ಕೋತಿದ್ದೆ, ಶುರುವಿನ ದಿನಗಳಲ್ಲಿ. ಕಾಲಂ ಬರೆಯೋನಿಗೆ ಎದುರು ಮಾತಾಡೋರೇ ಇರಲ್ಲ, ಪತ್ರ ಬಂದ್ರೂ ವಾರ ಆದಮೇಲೆ. ಒಬ್ಬ ಕಾಲೇಜು ಹುಡುಗ ಫೋನ್ ಮಾಡಿ ಸ್ಪಿನ್ನರ್‌ಗೆ ಯಾಕೆ ಆ ಹೊತ್ತಲ್ಲಿ ಬಾಲ್ ಕೊಡಬಾರದಿತ್ತು ಅಂತ ಗಾಳಿ, ಇಬ್ಬನಿ, ಬೌಂಡರಿ ದೂರ ಎಲ್ಲ ಹೇಳಿದ. ನಾನು ಅದನ್ನ ಕೇಳಿಸ್ಕೊಳ್ಳದೆ ಮೊದಲೇ ಯೋಚಿಸಿಟ್ಟಿದ್ದ ಉತ್ತರ ಹೇಳಿದೆ. ಅವನು "ಸರ್, ನಾನು ಹೇಳಿದ್ದೂ ಅದೇ ಅಲ್ವಾ" ಅಂದ. ಶೋ ಮುಗಿದಮೇಲೆ ರೆಕಾರ್ಡಿಂಗ್ ಕೇಳಿದೆ, ಹೌದು, ಅವನು ಅದನ್ನೇ ಹೇಳಿದ್ದ, ನನಗಿಂತ ಚೆನ್ನಾಗಿ ಹೇಳಿದ್ದ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು, ಹೇಳಲೇಬೇಕು. ಒಬ್ಬ ಯುವ ಬೌಲರ್ ತೊಡೆ ಸ್ನಾಯು ನೋವು ಅಂತ ಮುಖ್ಯ ಪಂದ್ಯಕ್ಕೆ ಇಳಿಯಲಿಲ್ಲ, ನಾನು ಮಾತಿನ ಭರದಲ್ಲಿ "ನೆಪ ಇರಬಹುದು" ಅಂದುಬಿಟ್ಟೆ. ಪೇಪರ್‌ನಲ್ಲಾಗಿದ್ರೆ ಆ ಪದ ಬರೆಯೋ ಮುಂಚೆ ಇಬ್ಬರಿಗಾದ್ರೂ ಫೋನ್ ಮಾಡ್ತಿದ್ದೆ, ಬರೆದಿದ್ರೂ ಡೆಸ್ಕ್‌ನಲ್ಲಿ ಯಾರಾದ್ರೂ "ಇದಕ್ಕೆ ಆಧಾರ ಏನು" ಅಂತ ಕೇಳ್ತಿದ್ರು. ಇಲ್ಲಿ ಡೆಸ್ಕ್ ಇಲ್ಲ. ಹತ್ತು ನಿಮಿಷಕ್ಕೆ ಒಬ್ಬ ಹೆಣ್ಣುಮಗಳು ಫೋನ್ ಮಾಡಿದ್ರು, ಹಿಂದೆ ಓಟಗಾರ್ತಿ ಆಗಿದ್ದೋರು. ಕೂಗಾಡಲಿಲ್ಲ. ಆ ಸ್ನಾಯು ಹರಿದಾಗ ಮೆಟ್ಟಿಲು ಇಳಿಯೋದೂ ಹೇಗೆ ಕಷ್ಟ ಆಗುತ್ತೆ, ಸ್ವಲ್ಪ ವಾಸಿ ಆಯ್ತು ಅಂತ ಓಡಿದ್ರೆ ಮತ್ತೆ ಅದೇ ಜಾಗ ಹೇಗೆ ಹರಿಯುತ್ತೆ, ತಾವು ಹಾಗೆ ಅವಸರ ಮಾಡಿ ಹೇಗೆ ಆಟವನ್ನೇ ಬಿಡಬೇಕಾಯ್ತು ಅಂತ ನಿಧಾನವಾಗಿ ಹೇಳಿದ್ರು. "ನೀವು ನೆಪ ಅಂದ್ರಿ ಸರ್, ಆ ಹುಡುಗ ಕೇಳ್ತಿದ್ರೆ?" ಅಂತ ಕೇಳಿದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ತಪ್ಪಾಯ್ತು ಅಂದೆ, ಅಲ್ಲೇ, ಆಗಲೇ. ಮಾರನೇ ದಿನ ಶೋ ಶುರುವಲ್ಲೂ ಅದನ್ನೇ ಮೊದಲು ಹೇಳಿದೆ, ಯಾಕಂದ್ರೆ ಹಿಂದಿನ ರಾತ್ರಿ ತಪ್ಪು ಕೇಳಿದವರೆಲ್ಲ ಕ್ಷಮೆ ಕೇಳೋವರೆಗೂ ಕೂತಿರಲ್ಲ. ಆವತ್ತಿಂದ ನನ್ನ ಕಾರ್ಡ್ ಮೇಲೆ ಎಲ್ಲಕ್ಕಿಂತ ಮೇಲೆ ಒಂದೇ ಪದ ಇರುತ್ತೆ, "ಬರೀತಿದ್ನಾ?" ಅಂತ. ಪೇಪರ್‌ನಲ್ಲಿ ಬರೆಯದ್ದನ್ನ ಇಲ್ಲಿ ಆಡಲ್ಲ.

ಕೊನೇ ಸಾಲಿನ ಹುಚ್ಚು ಬಿಡೋದು ಎಲ್ಲಕ್ಕಿಂತ ಕಷ್ಟ ಆಯ್ತು. ಕಾಲಂ ಬರೆಯೋರಿಗೆ ಕೊನೇ ಸಾಲು ಅಂದ್ರೆ ಪ್ರಾಣ, ನಾನು ಎಷ್ಟೋ ಸಲ ಮೊದಲು ಕೊನೇ ಸಾಲು ಬರೆದು ಆಮೇಲೆ ಉಳಿದಿದ್ದು ಬರೆದಿದ್ದೀನಿ. ರೇಡಿಯೋದಲ್ಲೂ ಪ್ರತಿ ಭಾಗಕ್ಕೂ ಒಂದು ಚೆಂದದ ಮುಕ್ತಾಯ ಹುಡುಕೋಕೆ ಹೋಗಿ ಪ್ರತಿದಿನ ಟೈಮ್ ಮೀರ್ತಿತ್ತು. ಆಗ ಜಾನ್ ಆರ್ಲಟ್ ಬಗ್ಗೆ ಓದಿದೆ. ಕವಿ, ಗಾರ್ಡಿಯನ್ ಪತ್ರಿಕೆಗೆ ಕ್ರಿಕೆಟ್ ಬರೀತಿದ್ದೋರು, 1946ರಲ್ಲಿ ಭಾರತ ತಂಡ ಇಂಗ್ಲೆಂಡ್‌ಗೆ ಹೋದಾಗ ಕಾಮೆಂಟರಿ ಶುರು ಮಾಡಿ 1980ರವರೆಗೂ ಮಾಡಿದ್ರು. ಬರವಣಿಗೆ ಮತ್ತು ಮಾತು ಎರಡೂ ಆ ಮಟ್ಟಕ್ಕೆ ಒಲಿದವರು ತುಂಬ ಕಮ್ಮಿ. ಅವರ ಕೊನೇ ಟೆಸ್ಟ್ ಕಾಮೆಂಟರಿ ಲಾರ್ಡ್ಸ್‌ನಲ್ಲಿ, ಇಂಗ್ಲೆಂಡ್ ಆಸ್ಟ್ರೇಲಿಯಾ ಶತಮಾನೋತ್ಸವ ಟೆಸ್ಟ್. ಎಲ್ಲರೂ ವಿದಾಯದ ಮಾತಿಗೆ ಕಾಯ್ತಿದ್ರೆ ಅವರು ಓವರ್ ಮುಗಿದಾಗ ಮುಂದೆ ಮಾತಾಡೋರ ಹೆಸರು ಹೇಳಿ ಮೈಕ್ ಬಿಟ್ಟು ಎದ್ರು, ಅಷ್ಟೇ. 34 ವರ್ಷದ ಕೊನೆಗೆ. ನಾನು ಆವತ್ತಿಂದ ಮುಕ್ತಾಯ ಹುಡುಕೋದು ನಿಲ್ಲಿಸಿದೆ.

ಜೂನ್ 18ರ ಶೋ ಬಗ್ಗೆ ಹೇಳ್ಬೇಕು. 1983ರ ಅದೇ ದಿನ ಇಂಗ್ಲೆಂಡ್‌ನ ಟನ್‌ಬ್ರಿಜ್ ವೆಲ್ಸ್‌ನಲ್ಲಿ, ವಿಶ್ವಕಪ್ ಪಂದ್ಯದಲ್ಲಿ ಜಿಂಬಾಬ್ವೆ ವಿರುದ್ಧ ಕಪಿಲ್ ದೇವ್ 175 ಹೊಡೆದಿದ್ದು, 138 ಬಾಲ್, 16 ಬೌಂಡರಿ, 6 ಸಿಕ್ಸರ್. ಆ ಪಂದ್ಯದ ವಿಡಿಯೋ ಇಲ್ಲ, ಟಿವಿ ಕ್ಯಾಮೆರಾ ಆವತ್ತು ಅಲ್ಲಿರಲಿಲ್ಲ. ಕಾಲಂ ಬರೀತಿದ್ದಾಗ ಅದರ ಬಗ್ಗೆ ನಾಲ್ಕೈದು ಸಲ ಬರೆದಿದ್ದೆ, ಅಂಕಿ ಎಲ್ಲ ಬಾಯಿಪಾಠ. ರೇಡಿಯೋದಲ್ಲಿ ಮಾಡೋಣ ಅಂತ ನಾನೇ ಹೇಳಿದ್ದು, ಯಾಕಂದ್ರೆ ಕಣ್ಣಲ್ಲಿ ನೋಡೋಕೆ ಏನೂ ಉಳಿದಿಲ್ಲದ ಆಟ ಮಾತಲ್ಲೇ ಬದುಕಿರೋದು, ರೇಡಿಯೋಗೆ ಅದಕ್ಕಿಂತ ಒಳ್ಳೆ ವಿಷಯ ಇಲ್ಲ. ಎರಡು ನಿಮಿಷ ನಾನು ಹೇಳಿದೆ, ಆಮೇಲೆ ಲೈನ್ ತೆಗೆದ್ವಿ.

ಬಂದ ಫೋನ್‌ಗಳನ್ನ ನಾನು ಮರೆಯಲ್ಲ. ಒಬ್ರು ಆಗ ಎಂಟು ವರ್ಷದ ಹುಡುಗ, ಸೋತ್ವಿ ಅಂದ್ಕೊಂಡು ಮಲಗಿ ಬೆಳಿಗ್ಗೆ ಪೇಪರ್ ನೋಡಿ ನಂಬಲಿಲ್ವಂತೆ. ಒಬ್ರು ಕಪಿಲ್ ಜೊತೆ ಆಡಿದ ರೋಜರ್ ಬಿನ್ನಿಯ 22 ರನ್ ಬಗ್ಗೆ ಮಾತ್ರ ಮಾತಾಡಿದ್ರು, 17 ರನ್‌ಗೆ 5 ವಿಕೆಟ್ ಬಿದ್ದಮೇಲೆ ಬಿನ್ನಿ ನಿಲ್ಲದಿದ್ರೆ ಕಪಿಲ್‌ಗೆ ಹೊಡೆಯೋಕೆ ಇನ್ನಿಂಗ್ಸೇ ಇರ್ತಿರಲಿಲ್ಲ ಅಂತ, ನಿಜ, ನನ್ನ ಯಾವ ಕಾಲಂನಲ್ಲೂ ಬಿನ್ನಿಗೆ ಅರ್ಧ ಸಾಲಿಗಿಂತ ಹೆಚ್ಚು ಜಾಗ ಕೊಟ್ಟಿರಲಿಲ್ಲ. ಇನ್ನೊಬ್ರು, ಈಗಿನ ಕಾಲದ ಹುಡುಗಿ, ಇಲ್ಲದ ವಿಡಿಯೋನ ತನ್ನ ತಾತ ಎಷ್ಟು ಸಲ ವರ್ಣಿಸಿದ್ದಾರೆ ಅಂದ್ರೆ ತಾನೇ ನೋಡಿದಂಗೆ ನೆನಪಿದೆ ಅಂದ್ಲು.

ಕೊನೆಗೆ ಒಬ್ರು ಬಂದ್ರು, ವಯಸ್ಸಾದ ದನಿ. ಅವರ ಅಪ್ಪ ಪ್ರತಿ ಪಂದ್ಯದ ಸ್ಕೋರ್‌ಕಾರ್ಡ್ ಪೇಪರ್‌ನಿಂದ ನೋಟ್‌ಬುಕ್‌ಗೆ ಕೈಯಲ್ಲಿ ಬರ್ಕೊಳ್ತಿದ್ರಂತೆ. ಅಪ್ಪ ಈಗಿಲ್ಲ, ಆ ನೋಟ್‌ಬುಕ್ ಕೈಲಿದೆ, "ಓದ್ಲಾ ಸರ್?" ಅಂದ್ರು. ಓದಿ ಅಂದೆ. "ಗವಾಸ್ಕರ್ ಸೊನ್ನೆ. ಶ್ರೀಕಾಂತ್ ಸೊನ್ನೆ. ಅಮರನಾಥ್ 5. ಪಾಟೀಲ್ 1." ಒಂದೊಂದು ಹೆಸರಿಗೂ ಒಂದು ಉಸಿರು ಬಿಟ್ಟು ಓದ್ತಿದ್ರು, ಅಪ್ಪನ ಕೈಬರಹ ಬಿಡಿಸ್ಕೊಂಡು. ನನಗೆ ಎಲ್ಲ ಗೊತ್ತಿರೋ ಅಂಕಿಗಳೇ. ಆದ್ರೂ ನನ್ನ ಎದೆ ಹೊಡ್ಕೊಳ್ತಿತ್ತು, ಗೆಲ್ತೀವೋ ಇಲ್ವೋ ಅನ್ನೋ ಹಾಗೆ. ನಾನು ಒಂದು ಮಾತೂ ಆಡಲಿಲ್ಲ. ಮೊದಲ ದಿನ ನಾನು ಮೌನಕ್ಕೆ ಎಷ್ಟು ಹೆದರಿದ್ದೆ ಅಂತ ನೆನಪಾಯ್ತು. "ಯಶ್‌ಪಾಲ್ 9. 17ಕ್ಕೆ 5" ಅಂದ್ರು, ಕಿವಿಯಲ್ಲಿ ಪ್ರೊಡ್ಯೂಸರ್, "ಸರ್, ಹತ್ತು ಸೆಕೆಂಡ್, ನ್ಯೂಸ್". ಗಂಟೆ ಆಗಿತ್ತು, ಶೋನೂ ಮುಗೀತಿತ್ತು. "ನಾಳೆ ಮೊದಲ ಫೋನ್ ನಿಮ್ದೇ" ಅಂದೆ, ಮೈಕ್ ಆಫ್ ಆಯ್ತು.

ಅರ್ಧಕ್ಕೆ ಕತ್ತರಿಸಿದ್ದಕ್ಕೆ ರಾತ್ರಿ ಪೂರ್ತಿ ಬೇಜಾರಾಗಿತ್ತು. ಆ ನಂಬರ್‌ಗೆ ನಾವೇ ಫೋನ್ ಮಾಡೋಣ ಅಂತಲೂ ಮಾತಾಡ್ಕೊಂಡ್ವಿ. ಬೇಕಾಗಲಿಲ್ಲ. ಮಾರನೇ ದಿನ ಶೋ ಶುರುವಾಗೋಕೆ ಇಪ್ಪತ್ತು ನಿಮಿಷ ಮುಂಚೆನೇ ಲೈನ್‌ನಲ್ಲಿದ್ರು, ನನ್ನ ಸ್ಕ್ರೀನ್ ಮೇಲೆ ಅವರ ಹೆಸರಿನ ಮುಂದೆ "ಬಿನ್ನಿಯಿಂದ" ಅಂತ ಬರೆದಿತ್ತು. ನಾನು ಕಾರ್ಡ್ ಪಕ್ಕಕ್ಕಿಟ್ಟು, ನಮಸ್ಕಾರ ಹೇಳಿ, "ನಿನ್ನೆ ಕೇಳದವರಿಗೆ ಹೇಳ್ತಿದ್ದೀನಿ, ಟನ್‌ಬ್ರಿಜ್ ವೆಲ್ಸ್, ನಾವು 17ಕ್ಕೆ 5, ಕಪಿಲ್ ಕ್ರೀಸ್‌ನಲ್ಲಿದ್ದಾರೆ" ಅಂದೆ.

"ಹೂಂ ಸರ್," ಅಂದ್ರು ಅವರು, ನೋಟ್‌ಬುಕ್ ತಿರುವಿದ ಸದ್ದು ಕೇಳಿಸ್ತು. "ಬಿನ್ನಿ ಈಗ ತಾನೇ ಬಂದಿದ್ದಾನೆ."